ಒಂದೇ ಗ್ಯಾರೇಜಿನ ದಾಯಾದಿಗಳು

ಪ್ರಶ್ನೆ: ಮೇಡಂ, ಫಾರ್ಮುಲಾ ಒನ್‌ನಲ್ಲಿ ಒಂದೇ ತಂಡದ ಇಬ್ಬರು ಚಾಲಕರು ಮುಖ ಕೊಟ್ಟು ಮಾತಾಡದಷ್ಟು ಜಗಳ ಆಡುತ್ತಾರಲ್ಲ, ಯಾಕೆ? ಯಾರು ಗೆದ್ದರೂ ಗೆದ್ದದ್ದು ತಂಡವೇ ಅಲ್ವಾ?

ತಂಡಕ್ಕೆ ಹೌದು, ಚಾಲಕರಿಗೆ ಅಲ್ಲ. ಲೆಕ್ಕ ನೋಡಿ. ಈಗಿನ ನಿಯಮದಲ್ಲಿ ರೇಸ್ ಗೆದ್ದವರಿಗೆ 25 ಪಾಯಿಂಟ್, ಎರಡನೆಯವರಿಗೆ 18. ಮೊದಲ ಎರಡೂ ಸ್ಥಾನ ಒಂದೇ ತಂಡಕ್ಕೆ ಬಂದರೆ ತಂಡದ ಖಾತೆಗೆ 43. ಇಬ್ಬರಲ್ಲಿ ಯಾರು ಮುಂದೆ ಬಂದರೂ ಆ 43 ಬದಲಾಗುವುದಿಲ್ಲ. ಬಹುಮಾನದ ಹಣ ಹಂಚುವುದೂ ತಂಡಗಳ ಪಟ್ಟಿ ನೋಡಿಯೇ. ಚಾಲಕರ ಪಟ್ಟಿಯ ಕಥೆ ಬೇರೆ. ಅದೇ ಇಬ್ಬರು ಜಾಗ ಅದಲುಬದಲು ಮಾಡಿಕೊಂಡರೆ ಅವರ ನಡುವಿನ ಅಂತರ ಒಂದೇ ಏಟಿಗೆ 14 ಪಾಯಿಂಟ್ ಆಚೀಚೆ ಆಗುತ್ತದೆ. ತಂಡದ ಮಾಲೀಕರು ನೆಮ್ಮದಿಯಾಗಿ ನಿದ್ದೆ ಮಾಡುವ ರಾತ್ರಿ ಇವರಲ್ಲಿ ಒಬ್ಬರಿಗೆ ನಿದ್ದೆ ಬರುವುದಿಲ್ಲ.

ಇನ್ನೂ ಒಂದು ಮಾತಿದೆ. ಬೇರೆ ತಂಡದವರ ಎದುರು ಸೋತರೆ ಕಾರನ್ನು ದೂರಬಹುದು. ಜೊತೆಗಾರರ ಎದುರು ಸೋತರೆ ಯಾರನ್ನು ದೂರುವುದು? ಕಾರು ಅದೇ, ಇಂಜಿನ್ ಅದೇ. ಇಬ್ಬರ ಟೆಲಿಮೆಟ್ರಿಯೂ, ಅಂದರೆ ಓಡುವ ಕಾರಿನಿಂದ ಬರುವ ಮಾಹಿತಿಯೂ, ತಂಡದ ಎಲ್ಲ ಇಂಜಿನಿಯರ್‌ಗಳ ಕಣ್ಣ ಮುಂದೆ ಇರುತ್ತದೆ. ಯಾವ ತಿರುವಿನಲ್ಲಿ ಯಾರು ಮುಂಚೆಯೇ ಬ್ರೇಕ್ ಒತ್ತಿದರು, ಎಲ್ಲಿ ಆಕ್ಸಲರೇಟರ್ ಒತ್ತಲು ಹಿಂಜರಿದರು, ಎಲ್ಲವೂ ಗೆರೆಗಳಲ್ಲಿ ಕಾಣುತ್ತದೆ. ಪಾಲು ಒಂದೇ ಮನೆಯದ್ದಾದಾಗ ದಾಯಾದಿಗಳ ನಡುವೆ ಹುಟ್ಟುವ ಉರಿ ಇದೆಯಲ್ಲ, ಅಂಥದ್ದೇ ಇದು. ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕು ಎಂದು ತೀರ್ಮಾನಿಸುವ ಕ್ವಾಲಿಫೈಯಿಂಗ್ ಮುಗಿದ ಕೂಡಲೇ ನಾನು ಪೋಲ್, ಅಂದರೆ ಮೊದಲ ಜಾಗ, ಯಾರಿಗೆ ಎಂದು ನೋಡುವುದಿಲ್ಲ. ಒಂದೇ ತಂಡದ ಇಬ್ಬರ ನಡುವೆ ಎಷ್ಟು ಅಂತರ ಎಂದು ಮೊದಲು ನೋಡುತ್ತೇನೆ. ಚಾಲಕರ ನಿಜವಾದ ಅಳತೆ ಅಲ್ಲೇ ಸಿಗುವುದು.

ಪ್ರಶ್ನೆ: ಇಂಥ ಜಗಳಗಳಲ್ಲಿ ನಿಮ್ಮ ಮನಸ್ಸಿಗೆ ಜಾಸ್ತಿ ನೋವು ಕೊಟ್ಟದ್ದು ಯಾವುದು? ತಪ್ಪು ಯಾರದ್ದು?

1982ರ ಫೆರಾರಿ. ಏಪ್ರಿಲ್‌ನಲ್ಲಿ ಇಮೋಲಾದಲ್ಲಿ ಸ್ಯಾನ್ ಮರಿನೊ ರೇಸ್. ಎದುರಾಳಿ ರೆನೋ ಕಾರುಗಳು ಕೆಟ್ಟು ನಿಂತವು. ಮುಂದೆ ಉಳಿದದ್ದು ಎರಡು ಫೆರಾರಿ, ಜೀಲ್ ವಿಲ್ನೋವ್ ಮತ್ತು ಡಿಡಿಯೆ ಪಿರೋನಿ. ಕಾರುಗಳು ಸುಸ್ಥಿತಿಯಲ್ಲಿ ಗುರಿ ಮುಟ್ಟಲಿ ಎಂದು ತಂಡ ಟ್ರ್ಯಾಕ್ ಪಕ್ಕದಲ್ಲಿ ಟೈರ್ ಬದಲಿಸುವ ಜಾಗವಾದ ಪಿಟ್‌ನ ಗೋಡೆಯಿಂದ 'ಸ್ಲೋ' ಎಂಬ ಬೋರ್ಡ್ ತೋರಿಸಿತು. ಈಗ ಇರುವ ಜಾಗದಲ್ಲೇ ಇರಿ ಎಂದು ವಿಲ್ನೋವ್ ಅರ್ಥ ಮಾಡಿಕೊಂಡರು. ನಿಧಾನವಾಗಿ ಹೋಗಿ, ಆದರೆ ಒಬ್ಬರನ್ನೊಬ್ಬರು ದಾಟಬೇಡಿ ಎಂದೇನೂ ಹೇಳಿಲ್ಲ ಎಂಬುದು ಪಿರೋನಿ ವಾದ. ಕೊನೆಯ ಲ್ಯಾಪಿನಲ್ಲಿ ಪಿರೋನಿ ಮುಂದೆ ನುಗ್ಗಿ ಗೆದ್ದರು. ವಿಲ್ನೋವ್ ಮತ್ತೆ ಅವರ ಜೊತೆ ಮಾತಾಡಲಿಲ್ಲ.

ಮುಂದಿನ ರೇಸ್ ಬೆಲ್ಜಿಯಂನ ಜೋಲ್ಡರ್‌ನಲ್ಲಿ. ಮೇ 8, ಕ್ವಾಲಿಫೈಯಿಂಗ್. ಪಿರೋನಿ ಅವರ ಸಮಯ ಕೂದಲೆಳೆಯಷ್ಟು ಉತ್ತಮವಾಗಿತ್ತು. ವಿಲ್ನೋವ್ ಇನ್ನೂ ಟ್ರ್ಯಾಕ್ ಮೇಲಿದ್ದರು. ನಿಧಾನವಾಗಿ ಹೋಗುತ್ತಿದ್ದ ಬೇರೊಂದು ತಂಡದ ಕಾರಿನ ಹಿಂಚಕ್ರಕ್ಕೆ ತಗುಲಿ ಅವರ ಕಾರು ಗಾಳಿಗೆ ಹಾರಿತು. ಅಂದೇ ತೀರಿಕೊಂಡರು. ಆಗಸ್ಟ್‌ನಲ್ಲಿ ಹಾಕನ್‌ಹೈಮ್‌ನ ಮಳೆಯಲ್ಲಿ ಪಿರೋನಿ ಅವರ ಕಾಲುಗಳು ನುಜ್ಜುಗುಜ್ಜಾದವು. ಪಟ್ಟಿಯಲ್ಲಿ ಮುಂದಿದ್ದರೂ ಅವರ ಫಾರ್ಮುಲಾ ಒನ್ ಬದುಕು ಅಲ್ಲಿಗೇ ಮುಗಿಯಿತು.

ತಪ್ಪು ಯಾರದ್ದು ಎಂದು ಕೇಳಿದ್ದೀರಿ. ಪಿರೋನಿಯನ್ನು ಬೈಯುವವರು ಈಗಲೂ ಜಾಸ್ತಿ. ನಾನು ತಂಡವನ್ನೇ ಹಿಡಿಯುತ್ತೇನೆ. ಹೀಗಾದರೆ ಏನು ಮಾಡಬೇಕು ಎಂದು ರೇಸ್‌ಗೆ ಮುಂಚೆ ಇಬ್ಬರನ್ನೂ ಕೂರಿಸಿ ಹೇಳಿರಬೇಕಿತ್ತು. ಒಂದು ಬೋರ್ಡಿನ ಮೇಲೆ ಇಷ್ಟು ದೊಡ್ಡ ಭಾರ ಹೊರಿಸಬಾರದಿತ್ತು.

ಏಳು ವರ್ಷದ ಮೇಲೆ ಅದೇ ಇಮೋಲಾದಲ್ಲಿ ಮೆಕ್ಲಾರೆನ್‌ಗೂ ಇದೇ ಕಾಟ. ಮೊದಲ ತಿರುವಿಗೆ ಯಾರು ಮುಂದಿರುತ್ತಾರೋ ಅವರನ್ನು ಇನ್ನೊಬ್ಬರು ಅಲ್ಲಿ ಕೆಣಕಬಾರದು ಎಂದು ಅಯರ್ಟನ್ ಸೆನ್ನಾ, ಅಲೇನ್ ಪ್ರೋಸ್ಟ್ ಇಬ್ಬರೂ ಒಪ್ಪಿದ್ದರು. ಗೆರ್‌ಹಾರ್ಡ್ ಬೆರ್ಗರ್ ಅವರ ಕಾರು ಬೆಂಕಿ ಹೊತ್ತಿಕೊಂಡು ರೇಸ್ ನಿಂತಿತು. ಮತ್ತೆ ಶುರುವಾದಾಗ ಪ್ರೋಸ್ಟ್ ಮುಂದೆ ಹೊರಟರು, ಟೋಸಾ ತಿರುವಿನ ಹೊತ್ತಿಗೆ ಸೆನ್ನಾ ದಾಟಿದರು. ಮಾತು ಮುರಿದ ಎಂದು ಪ್ರೋಸ್ಟ್, ಮುರಿದಿಲ್ಲ ಎಂದು ಸೆನ್ನಾ. ಅದೇ ವರ್ಷ ಸುಜುಕಾದಲ್ಲಿ ಇಬ್ಬರ ಕಾರುಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತ ದೃಶ್ಯ ಎಲ್ಲರಿಗೂ ನೆನಪಿದೆ. ಅದರ ಬೀಜ ಇಮೋಲಾದಲ್ಲೇ ಬಿದ್ದಿತ್ತು.

ಪ್ರಶ್ನೆ: 1988ರಲ್ಲಿ ಸೆನ್ನಾಗಿಂತ ಪ್ರೋಸ್ಟ್ ಜಾಸ್ತಿ ಪಾಯಿಂಟ್ ಗಳಿಸಿಯೂ ಸೋತರಂತೆ. ನಿಜವೇ?

ನಿಜ. ಪ್ರೋಸ್ಟ್ ಗಳಿಸಿದ್ದು 105, ಸೆನ್ನಾ 94. ಆಗಿನ ನಿಯಮದಲ್ಲಿ 16 ರೇಸ್‌ಗಳ ಪೈಕಿ ಅತ್ಯುತ್ತಮ 11 ಫಲಿತಾಂಶ ಮಾತ್ರ ಲೆಕ್ಕಕ್ಕೆ. ಹಾಗೆ ಎಣಿಸಿದಾಗ ಸೆನ್ನಾ 90, ಪ್ರೋಸ್ಟ್ 87. ನಿಯಮ ಇಬ್ಬರಿಗೂ ಮೊದಲೇ ಗೊತ್ತಿತ್ತು, ಸೆನ್ನಾ ಎಂಟು ರೇಸ್ ಗೆದ್ದಿದ್ದರು, ಪ್ರೋಸ್ಟ್ ಏಳು. ಹಾಗಾಗಿ ನನಗೆ ಇದರಲ್ಲಿ ಅನ್ಯಾಯ ಕಾಣುವುದಿಲ್ಲ.

ಪ್ರಶ್ನೆ: ನೀನು ನಂಬರ್ ಒನ್, ನೀನು ನಂಬರ್ ಟೂ ಎಂದು ತಂಡ ಮೊದಲೇ ಹೇಳಿಬಿಟ್ಟರೆ ರಗಳೆಯೇ ಇರುವುದಿಲ್ಲವಲ್ಲ?

ರಗಳೆ ಇರುವುದಿಲ್ಲ, ರೇಸೂ ಇರುವುದಿಲ್ಲ. 2002ರ ಆಸ್ಟ್ರಿಯಾ ನೆನಪಿಸಿಕೊಳ್ಳಿ. ಆ ವಾರ ಪೂರ್ತಿ ರೂಬೆನ್ಸ್ ಬ್ಯಾರಿಕೆಲೊ ಅವರದ್ದೇ ಮೇಲುಗೈ. ಕೊನೆಯ ಗೆರೆಗೆ ಇನ್ನೇನು ಕೆಲವೇ ಮೀಟರ್ ಇದೆ ಎನ್ನುವಾಗ ಫೆರಾರಿ ಆದೇಶದಂತೆ ಮೈಕೆಲ್ ಶುಮಾಕರ್‌ಗೆ ದಾರಿ ಬಿಟ್ಟರು. ಅದು ಸೀಸನ್‌ನ ಆರನೇ ರೇಸ್ ಅಷ್ಟೇ, ಶುಮಾಕರ್ ಆಗಲೇ ನಾಲ್ಕು ಗೆದ್ದಿದ್ದರು. ಜನ ಕೂಗಿ ಛೀಮಾರಿ ಹಾಕಿದರು. 2003ರಿಂದ ತಂಡದ ಆದೇಶವನ್ನೇ ನಿಷೇಧಿಸಿದರು. ಆದರೆ ರೇಡಿಯೋದಲ್ಲಿ ಸುತ್ತಿ ಬಳಸಿ ಅದೇ ಮಾತು ಹೇಳುವುದು ನಿಲ್ಲಲಿಲ್ಲ. 2011ರಿಂದ ನಿಷೇಧ ತೆಗೆದುಹಾಕಿದರು.

ಇಬ್ಬರನ್ನೂ ಸಮ ಎಂದು ಬಿಟ್ಟು, ನಡೆಸಿಕೊಂಡು ಹೋಗಲು ಬಾರದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತು. 2007ರ ಹಂಗೇರಿ ಕ್ವಾಲಿಫೈಯಿಂಗ್‌ನಲ್ಲಿ ಫರ್ನಾಂಡೊ ಅಲೊನ್ಸೊ ಅವರನ್ನು ಮುಂದೆ ಬಿಡು ಎಂದು ಮೆಕ್ಲಾರೆನ್ ಹೇಳಿದರೂ ಲೂಯಿಸ್ ಹ್ಯಾಮಿಲ್ಟನ್ ಬಿಡಲಿಲ್ಲ. ಆಮೇಲೆ ಅಲೊನ್ಸೊ ಪಿಟ್‌ನಲ್ಲಿ ಬೇಕೆಂದೇ ಹೊತ್ತು ಕಳೆದರು, ಹಿಂದೆ ಕಾದಿದ್ದ ಹ್ಯಾಮಿಲ್ಟನ್‌ಗೆ ಕೊನೆಯ ಲ್ಯಾಪ್ ತಪ್ಪಿತು. ಅಲೊನ್ಸೊಗೆ ಐದು ಸ್ಥಾನ ಹಿಂದೆ ಹೋಗುವ ದಂಡ. ಆ ರೇಸ್‌ನಲ್ಲಿ ತಂಡಕ್ಕೆ ಪಾಯಿಂಟೇ ಸಿಗಲಿಲ್ಲ. ಎರಡು ರೇಸ್ ಬಾಕಿ ಇದ್ದಾಗ ಹ್ಯಾಮಿಲ್ಟನ್‌ಗಿಂತ 17 ಪಾಯಿಂಟ್ ಹಿಂದಿದ್ದ ಫೆರಾರಿಯ ಕಿಮಿ ರೈಕೊನೆನ್ ಕೊನೆಗೆ ಚಾಂಪಿಯನ್. ಅವರಿಗೆ 110. ಮೆಕ್ಲಾರೆನ್‌ನ ಇಬ್ಬರಿಗೂ 109, 109. ಆ ಎರಡರಲ್ಲಿ ಮೊದಲನೆಯದಾದ ಚೀನಾದಲ್ಲಿ ಹ್ಯಾಮಿಲ್ಟನ್ ಟೈರ್ ಸವೆದು ಹೋದರೂ ಟ್ರ್ಯಾಕ್‌ನಲ್ಲೇ ಉಳಿದು, ಕೊನೆಗೆ ಪಿಟ್ ದಾರಿಯ ಜಲ್ಲಿಯಲ್ಲಿ ಹೂತರು. ನಮ್ಮ ಪೈಪೋಟಿ ಇದ್ದದ್ದು ರೈಕೊನೆನ್ ಜೊತೆಗಲ್ಲ, ಅಲೊನ್ಸೊ ಜೊತೆ ಎಂಬರ್ಥದ ಮಾತನ್ನು ತಂಡದ ಮುಖ್ಯಸ್ಥ ರಾನ್ ಡೆನಿಸ್ ಆಮೇಲೆ ಹೇಳಿದರು. ತಮ್ಮದೇ ಚಾಲಕರ ಮೇಲೆ ಕಣ್ಣಿಟ್ಟು ಮೂರನೆಯವರನ್ನು ಮರೆತದ್ದು ಅಂದರೆ ಇದೇ.

ಇಷ್ಟಾದರೂ ನಾನು ಇಬ್ಬರನ್ನೂ ಓಡಲು ಬಿಡಿ ಎನ್ನುವವಳೇ. ಗಣಿತದಲ್ಲಿ ಒಬ್ಬರ ಆಸೆ ಪೂರ್ತಿ ಮುಗಿದ ಮೇಲೆ ಇನ್ನೊಬ್ಬರಿಗೆ ಸಹಾಯ ಕೇಳಲಿ, ತಪ್ಪಿಲ್ಲ. ಆರನೇ ರೇಸ್‌ನಲ್ಲೇ ಕೇಳುವುದು ತಪ್ಪು.

ಪ್ರಶ್ನೆ: 2016ರ ಅಬುಧಾಬಿಯಲ್ಲಿ ಹ್ಯಾಮಿಲ್ಟನ್ ಬೇಕೆಂದೇ ನಿಧಾನ ಮಾಡಿ ರೋಸ್‌ಬರ್ಗ್‌ರನ್ನು ಸಿಕ್ಕಿಸಲು ನೋಡಿದ್ದು ಸರಿಯೇ?

ಸರಿಯೇ. ಇಬ್ಬರೂ ಮರ್ಸಿಡಿಸ್ ತಂಡದವರು, ಅದು ಸೀಸನ್‌ನ ಕೊನೆಯ ರೇಸ್. ಪಟ್ಟಿಯಲ್ಲಿ ನಿಕೊ ರೋಸ್‌ಬರ್ಗ್ 12 ಪಾಯಿಂಟ್ ಮುಂದಿದ್ದರು. ಹ್ಯಾಮಿಲ್ಟನ್ ಗೆದ್ದರೂ ಇವರಿಗೆ ಮೂರನೇ ಸ್ಥಾನ ಸಾಕಿತ್ತು. ಹಿಂದಿದ್ದ ಎದುರಾಳಿಗಳು ರೋಸ್‌ಬರ್ಗ್‌ರನ್ನು ದಾಟಲಿ ಎಂದು ಕಾಯುವುದು ಬಿಟ್ಟರೆ ಹ್ಯಾಮಿಲ್ಟನ್‌ಗೆ ಬೇರೆ ದಾರಿಯೇ ಇರಲಿಲ್ಲ. ವೇಗ ಹೆಚ್ಚಿಸು ಎಂದು ಮರ್ಸಿಡಿಸ್ ರೇಡಿಯೋದಲ್ಲಿ ಮತ್ತೆ ಮತ್ತೆ ಹೇಳಿದರೂ ಕೇಳಲಿಲ್ಲ. ತಂಡದ ಪ್ರಶಸ್ತಿ ಆಗಲೇ ಕೈಗೆ ಬಂದಾಗಿತ್ತು, ಇನ್ನೇನು ಬೇಕಿತ್ತು ಅವರಿಗೆ? ಹ್ಯಾಮಿಲ್ಟನ್ ಯಾರನ್ನೂ ಗುದ್ದಲಿಲ್ಲ, ತಳ್ಳಲಿಲ್ಲ. ಅಷ್ಟು ಒತ್ತಡದಲ್ಲೂ ರೋಸ್‌ಬರ್ಗ್ ಎರಡನೇ ಸ್ಥಾನ ಬಿಡದೆ 385ಕ್ಕೆ 380ರಲ್ಲಿ ಪ್ರಶಸ್ತಿ ಗೆದ್ದರು. ಐದೇ ದಿನಕ್ಕೆ ನಿವೃತ್ತಿ ಘೋಷಿಸಿದರು. ಹುಡುಗರಾಗಿದ್ದಾಗ ಕಾರ್ಟಿಂಗ್‌ನಲ್ಲೂ ಇವರಿಬ್ಬರು ಒಂದೇ ತಂಡದ ಗೆಳೆಯರು. ಆ ಹೋರಾಟ ಮನುಷ್ಯನಿಂದ ಎಷ್ಟನ್ನು ಹಿಂಡುತ್ತದೆ ಎಂದು ಆ ನಿವೃತ್ತಿಯ ದಿನ ನನಗೆ ಅರ್ಥವಾಯಿತು.

ಪ್ರಶ್ನೆ: 2025ರಲ್ಲಿ ಮೊಂಜಾದಲ್ಲಿ ಪಿಯಾಸ್ಟ್ರಿ ಜಾಗ ಬಿಟ್ಟುಕೊಡಬಾರದಿತ್ತು ಅಂತ ನನಗನಿಸುತ್ತದೆ. ನೀವೇನಂತೀರಿ?

ಬಿಟ್ಟುಕೊಟ್ಟದ್ದರ ಬೆಲೆ ಏನು ಎಂದು ಮೊದಲು ನೋಡೋಣ. ಮೆಕ್ಲಾರೆನ್‌ನ ಇಬ್ಬರಲ್ಲಿ ಲ್ಯಾಂಡೊ ನಾರಿಸ್ ಎರಡನೆಯವರು, ಆಸ್ಕರ್ ಪಿಯಾಸ್ಟ್ರಿ ಮೂರನೆಯವರು. ಮುಂದಿರುವವರಿಗೆ ಮೊದಲು ಪಿಟ್ ಎಂಬುದು ವಾಡಿಕೆ. ಹಿಂದೆ ಬರುತ್ತಿದ್ದ ಫೆರಾರಿಯಿಂದ ಪಿಯಾಸ್ಟ್ರಿಯ ಜಾಗ ಕಾಪಾಡಲು ತಂಡ ಅವರನ್ನೇ ಮೊದಲು ಕರೆಯಿತು. ಇದರಿಂದ ನಿನ್ನ ಜಾಗ ಹೋಗುವುದಿಲ್ಲ ಎಂದು ನಾರಿಸ್‌ಗೆ ಭರವಸೆಯನ್ನೂ ಕೊಟ್ಟಿತು. ಆಮೇಲೆ ನಾರಿಸ್ ಪಿಟ್‌ಗೆ ಬಂದಾಗ ಒಂದು ಚಕ್ರ ಬದಲಿಸುವುದು ತಡವಾಯಿತು, ಅವರು ಹಿಂದೆ ಬಿದ್ದರು. ಜಾಗ ವಾಪಸ್ ಕೊಡು ಎಂದು ತಂಡ ಪಿಯಾಸ್ಟ್ರಿಗೆ ಹೇಳಿತು. ಪಿಟ್‌ನಲ್ಲಿ ತಡವಾಗುವುದು ರೇಸ್‌ನ ಭಾಗ ಎಂದು ನಾವೇ ಮಾತಾಡಿಕೊಂಡಿದ್ದೆವಲ್ಲ ಎಂದು ಅವರು ಕೇಳಿದರು. ಕೇಳಿ, ಆಮೇಲೆ ಬಿಟ್ಟುಕೊಟ್ಟರು.

ಎರಡನೆಯದಕ್ಕೂ ಮೂರನೆಯದಕ್ಕೂ ಮೂರು ಪಾಯಿಂಟ್ ವ್ಯತ್ಯಾಸ. ಸೀಸನ್ ಮುಗಿದಾಗ ನಾರಿಸ್ 423, ರೆಡ್ ಬುಲ್‌ನ ಮ್ಯಾಕ್ಸ್ ವೆರ್‌ಸ್ಟಾಪೆನ್ 421, ಪಿಯಾಸ್ಟ್ರಿ 410. ಆ ಮೂರು ಪಾಯಿಂಟ್ ಕಳೆದು ನೋಡಿ, ನಾರಿಸ್ 420. ಅಂದರೆ ಬರೀ ಲೆಕ್ಕದಲ್ಲಿ ವೆರ್‌ಸ್ಟಾಪೆನ್ ಚಾಂಪಿಯನ್.

ಪಿಯಾಸ್ಟ್ರಿ ಮಾಡಿದ್ದು ದೊಡ್ಡತನ. ತಂಡ ಕೇಳಿದ್ದು ಅರ್ಧ ಸರಿ. ಮೊದಲು ಕರೆದದ್ದರಿಂದ ಸಿಕ್ಕ ಲಾಭ ವಾಪಸ್ ಕೊಡು ಎಂದರೆ ನ್ಯಾಯ. ಮೆಕ್ಯಾನಿಕ್ ಕೈಯಲ್ಲಾದ ತಡವನ್ನೂ ಅದರೊಳಗೆ ಸೇರಿಸಿದ್ದು ನನಗೆ ಒಪ್ಪಿಗೆಯಿಲ್ಲ. ಇಬ್ಬರು ಪ್ರಶಸ್ತಿಗೆ ಹೋರಾಡುತ್ತಿರುವ ಯಾವುದೇ ತಂಡ ಇದನ್ನು ಮೊದಲ ರೇಸ್‌ಗೆ ಮುಂಚೆಯೇ ಇಬ್ಬರಿಗೂ ಬಿಡಿಸಿ ಹೇಳಬೇಕು: ಚಕ್ರ ಸಿಕ್ಕಿಕೊಂಡರೆ ನಷ್ಟ ಯಾರದ್ದು?