ಒಂದೇ ಅಳತೆಯ ಶೆಡ್, ಒಬ್ಬರಿಗೆ ಮಾತ್ರ ಪರಿಹಾರ

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಅಮೆರಿಕದ ಅಯೋವಾ ರಾಜ್ಯದ ಸೂ ಕೌಂಟಿಯಲ್ಲಿ ಕೊರೊನಾ ಪರಿಹಾರ ಪಡೆದ ರೈತರ ಪಟ್ಟಿ ನೋಡಿದೆ. ಅಕ್ಕಪಕ್ಕದ ಇಬ್ಬರು ಹಂದಿ ಸಾಕಣೆದಾರರಲ್ಲಿ ಒಬ್ಬರಿಗೆ ಸಾವಿರಾರು ಡಾಲರ್, ಇನ್ನೊಬ್ಬರಿಗೆ ಸೊನ್ನೆ. ನಮ್ಮಲ್ಲಿ 2020ರಲ್ಲಿ ಮೆಕ್ಕೆಜೋಳ ಬೆಳೆದವರಿಗೆ ತಲಾ 5,000 ರೂಪಾಯಿ ಘೋಷಿಸಿದಂತೆ ಅಲ್ಲಿಯೂ ಸಮನಾಗಿ ಕೊಡಬಹುದಿತ್ತಲ್ಲವೆ?’

ಮಾನ್ಯರೆ,

ಆ ಸೊನ್ನೆಗೆ ಕಾರಣ ಹಂದಿಯ ಒಡೆತನ. ಅಲ್ಲಿ ಕರಾರು ಸಾಕಣೆ ಬಹಳ. ಶೆಡ್, ಕರೆಂಟು, ದುಡಿಮೆ ರೈತನದು. ಮರಿ, ಮೇವು ಕಂಪನಿಯದು. ಮಾರುಕಟ್ಟೆ ಬಿದ್ದರೆ ನಷ್ಟ ಕಂಪನಿಗೆ ಎಂಬ ಲೆಕ್ಕದಲ್ಲಿ, ಬೆಲೆಯ ಅಪಾಯ ಹೊರದ ಸಾಕಣೆದಾರನನ್ನು ಅಮೆರಿಕದ ಕೃಷಿ ಇಲಾಖೆಯ ಈ ಪರಿಹಾರ ಯೋಜನೆ ಹೊರಗಿಟ್ಟಿತು. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. 2020ರ ಏಪ್ರಿಲ್‌ನಲ್ಲಿ ಪಕ್ಕದ ಸೌತ್ ಡಕೋಟಾ ರಾಜ್ಯದ ಸೂ ಫಾಲ್ಸ್ ನಗರದಲ್ಲಿ, ದಿನಕ್ಕೆ ಸುಮಾರು 20,000 ಹಂದಿ ಕಡಿಯುತ್ತಿದ್ದ ಸ್ಮಿತ್‌ಫೀಲ್ಡ್ ಕಾರ್ಖಾನೆ ಮುಚ್ಚಿತು. ಬೆಳೆದ ಹಂದಿ ಹೊರಗೆ ಹೋಗದಿದ್ದರೆ ಹೊಸ ಮರಿ ಒಳಗೆ ಬರುವುದಿಲ್ಲ. ಶೆಡ್ಡಿನ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಡಿಸೆಂಬರ್ 2020ರ ಕಾಯ್ದೆ ಬಂದ ಮೇಲಷ್ಟೇ ಇಂಥವರ ಆದಾಯ ನಷ್ಟದ ಶೇ 80ರವರೆಗೆ ತುಂಬಿಕೊಡಲು ದಾರಿಯಾಯಿತು. ಅದರ ನಿಯಮ ಹೊರಬೀಳುವಷ್ಟರಲ್ಲಿ 2021ರ ಆಗಸ್ಟ್.

ಸ್ವಂತ ಹಂದಿ ಇದ್ದವರಿಗೆ ಎರಡು ಸುತ್ತಿನಲ್ಲಿ ಹಣ ಬಂತು, ಅದರ ಲೆಕ್ಕ ಹೀಗೆ. ಮೊದಲ ಸುತ್ತಿನಲ್ಲಿ 2020ರ ಜನವರಿ 15ರಿಂದ ಏಪ್ರಿಲ್ 15ರೊಳಗೆ ಮಾರಿದ, 120 ಪೌಂಡ್, ಅಂದರೆ ಸುಮಾರು 54 ಕಿಲೋ ದಾಟಿದ ಹಂದಿಗೆ 18 ಡಾಲರ್, ಅದಕ್ಕಿಂತ ಹಗುರಾದದ್ದಕ್ಕೆ 28. ಏಪ್ರಿಲ್ 16ರಿಂದ ಮೇ 14ರ ನಡುವೆ ಯಾವುದಾದರೂ ಒಂದು ದಿನ ಶೆಡ್ಡಿನಲ್ಲಿದ್ದ ಅತಿ ಹೆಚ್ಚಿನ ಸಂಖ್ಯೆಗೆ ತಲಾ 17. ಸಾವಿರ ದೊಡ್ಡ ಹಂದಿ ಮಾರಿ, ಶೆಡ್ಡಿನಲ್ಲಿ 1,200 ಉಳಿಸಿಕೊಂಡವರಿಗೆ 18,000ಕ್ಕೆ 20,400 ಸೇರಿ 38,400 ಡಾಲರ್. ಕೈಗೆ ಮೊದಲು ಬಂದದ್ದು ಶೇ 80, ಅಂದರೆ 30,720; ಉಳಿದದ್ದು ಆಮೇಲೆ. ಎರಡನೇ ಸುತ್ತಿನ ದರ ಹಂದಿಗೆ 23 ಡಾಲರ್.

ಅಲ್ಲಿನ ಮೊದಲ ಸುತ್ತಿನ ಮೆಕ್ಕೆಜೋಳದ ಲೆಕ್ಕದಲ್ಲಿ ಎಡವುವುದು ಸುಲಭ. 2019ರ ಇಳುವರಿಯ ಅರ್ಧ, ಅಥವಾ 2020ರ ಜನವರಿ 15ರಂದು ಬೆಲೆ ಕುದುರದೆ ಉಳಿದಿದ್ದ ದಾಸ್ತಾನು, ಇವೆರಡರಲ್ಲಿ ಕಡಿಮೆಯದಕ್ಕಷ್ಟೇ ಹಣ. ಅದರ ಅರ್ಧಕ್ಕೆ ಬುಷೆಲ್‌ಗೆ 32 ಸೆಂಟ್, ಇನ್ನರ್ಧಕ್ಕೆ 35. ಒಂದು ಬುಷೆಲ್ ಎಂದರೆ ಸುಮಾರು 25 ಕಿಲೋ. 40,000 ಬುಷೆಲ್ ಬೆಳೆದವನ ಬಳಿ 12,000 ಉಳಿದಿದ್ದರೆ 4,020 ಡಾಲರ್. ಕಣಜದಲ್ಲಿ ಕಾಳಿದ್ದರೂ ಮೊದಲೇ ದರ ನಿಗದಿಯಾಗಿ ಕರಾರು ಆಗಿದ್ದರೆ ಅದು ಲೆಕ್ಕಕ್ಕಿಲ್ಲ. ಕೊಯ್ಲಿನಲ್ಲೇ ಎಲ್ಲ ಮಾರಿದವನಿಗೆ ಆ ಸುತ್ತಿನಲ್ಲಿ ಏನೂ ಇಲ್ಲ.

ಅರ್ಜಿ ಕೌಂಟಿಯ ಕೃಷಿ ಸೇವಾ ಕಚೇರಿಯಲ್ಲಿ. ಎಡಿ-3114 ನಮೂನೆಯಲ್ಲಿ ರೈತ ತಾನೇ ಸಂಖ್ಯೆ ಬರೆದು ಸಹಿ ಹಾಕುತ್ತಿದ್ದ. ದಾಖಲೆ ಕೇಳುತ್ತಿದ್ದುದು ತಪಾಸಣೆಗೆ ಆರಿಸಿದರೆ ಮಾತ್ರ. ಮಾರಾಟದ ರಸೀದಿ, ಪಶುವೈದ್ಯರ ದಾಖಲೆ, ದಾಸ್ತಾನು ಪುಸ್ತಕ ಇಟ್ಟುಕೊಳ್ಳದವನಿಗೆ ಕೊಟ್ಟ ಹಣ ಹಿಂದಿರುಗಿಸುವ ಭಯ ಇದ್ದೇ ಇತ್ತು. ಹಣ ಬೇಗ ತಲುಪಿತು, ನಿಜ. ಆದರೆ ತಪಾಸಣೆ ಇನ್ನಷ್ಟು ಬಿಗಿಯಾಗಬೇಕೆಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೇ 2022ರಲ್ಲಿ ಹೇಳಿತು.

ಪಟ್ಟಿಯ ದೊಡ್ಡ ಮೊತ್ತಗಳ ಬಗ್ಗೆ ಒಂದು ಮಾತು. ಒಂದು ಸುತ್ತಿನಲ್ಲಿ ಒಬ್ಬರಿಗೆ ಮಿತಿ 2,50,000 ಡಾಲರ್. ಕೃಷಿ ಕಂಪನಿಯ ಮೂವರು ಪಾಲುದಾರರು ತಲಾ 400 ಗಂಟೆ ದುಡಿಮೆ ಅಥವಾ ನಿರ್ವಹಣೆ ತೋರಿಸಿದರೆ ಅದು 7,50,000ಕ್ಕೆ ಏರುತ್ತಿತ್ತು.

ಇನ್ನು ಸಮನಾಗಿ ಕೊಡುವ ಮಾತು. ನಮ್ಮ 5,000 ರೂಪಾಯಿಗೆ ದಾಸ್ತಾನಿನ ಲೆಕ್ಕ ಬೇಕಿರಲಿಲ್ಲ; ಸಣ್ಣ ರೈತನಿಗೆ ಅದು ಅನುಕೂಲ. ಆದರೆ ಹತ್ತು ಚೀಲದವನಿಗೂ ನೂರು ಚೀಲದವನಿಗೂ ಅಷ್ಟೇ. ಅವರ ಕ್ರಮ ಹಂದಿಯ ತಲೆ ಎಣಿಸಿ ಕೊಟ್ಟಿತು, ಹಾಗಾಗಿ ಹೆಚ್ಚು ಹಂದಿ ಇದ್ದವನಿಗೆ ಹೆಚ್ಚು ಹೋಯಿತು. ನಮ್ಮ ಆಯ್ಕೆ ತಲೆ ಎಣಿಸುವ ಕ್ರಮವೇ, ಆದರೆ ವ್ಯಕ್ತಿಯ ಮಿತಿ ಇನ್ನೂ ಕೆಳಗಿರಬೇಕಿತ್ತು, ಕರಾರು ಸಾಕಣೆದಾರನ ಖಾಲಿ ಶೆಡ್ಡೂ ಮೊದಲ ದಿನದಿಂದಲೇ ಲೆಕ್ಕಕ್ಕೆ ಬರಬೇಕಿತ್ತು.

— ಸಂಪಾದಕ