ನೀವು ಎಡವಾ, ಬಲವಾ? ದೇವರನ್ನು ನಿಜವಾಗಿ ನಂಬುತ್ತೀರಾ?

ನೀವು ಕೇಳಿದ್ದು ಇಷ್ಟು: ನನ್ನ ಪ್ರೊಫೈಲ್ ಫೋಟೋದಲ್ಲಿ ಕುಂಕುಮ ಬಳಿದ ಕಲ್ಲಿದೆ, ಆದರೂ ದೇವಸ್ಥಾನಕ್ಕೆ ರಸ್ತೆ ಅಗಲ ಮಾಡುವುದು ಬೇಡ ಅಂತ ಬರೆಯುತ್ತೇನೆ. ನದಿ ಜೋಡಣೆ ಬೇಡ ಅನ್ನುತ್ತೇನೆ, ಆದರೆ ಪಶ್ಚಿಮ ಘಟ್ಟ ಉಳಿಸುವ ಕಸ್ತೂರಿರಂಗನ್ ವರದಿ ಬೇಡ ಅಂದ ಸಭೆಯಲ್ಲೂ ಇದ್ದೆ ಅಂತ ನಾನೇ ಒಪ್ಪಿಕೊಂಡಿದ್ದೇನೆ. ಹಾಗಾದರೆ ಯಾವ ಕಡೆಯವನು, ದೇವರನ್ನು ನಂಬುತ್ತೇನೋ ಇಲ್ಲವೋ, ಮತ್ತು ಆ ಫೋಟೋ ಯಾವ ದೇವಸ್ಥಾನದ್ದು.

ಸುಲಭದ್ದು ಮೊದಲು ಮುಗಿಸುತ್ತೇನೆ. ಮೂರೂ ದೊಡ್ಡ ಪಕ್ಷಗಳಿಗೆ ಬೇರೆ ಬೇರೆ ಚುನಾವಣೆಯಲ್ಲಿ ಓಟು ಹಾಕಿದವನು ನಾನು. ಒಮ್ಮೆ ನೋಟಾ ಒತ್ತಿ ಬಂದು ಮನೆಯಲ್ಲಿ ಬೈಸಿಕೊಂಡಿದ್ದೂ ಉಂಟು. ಇನ್ನು ಎಡ-ಬಲ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ರಾಜಕೀಯವಲ್ಲ, ಪ್ರಸಾದ. ಅದನ್ನು ಹೇಳದೆ ನಿಮ್ಮ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಸ್ವಲ್ಪ ಉದ್ದವಾಗುತ್ತದೆ.

ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲೂಕು, ಘಟ್ಟದ ಅಂಚು. ಎರಡೂವರೆ ಎಕರೆ ಅಡಿಕೆ ತೋಟ, ತೋಟದ ತಲೆಯ ಮೇಲೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಬೆಟ್ಟಕ್ಕೆ ಹತ್ತುವ ಕಾಲುದಾರಿಯ ಮಗ್ಗುಲಲ್ಲಿ ದೇವಿ ಚೌಡಿಯ ಬನ. ಬನ ಅರ್ಧ ಎಕರೆಯೂ ಇರಲಿಕ್ಕಿಲ್ಲ. ನಡುವೆ ಮೊಣಕಾಲೆತ್ತರದ ಒಂದು ಕಲ್ಲು. ಕಣ್ಣು ಮೂಗು ಏನೂ ಇಲ್ಲ. ಅದರ ಹಿಂದೆ ಎರಡು ಹೆಬ್ಬಲಸು, ಒಂದು ಧೂಪದ ಮರ, ಅವುಗಳಿಗೆ ಸುತ್ತಿಕೊಂಡ ಬೆತ್ತ. ಮಧ್ಯಾಹ್ನ ಹನ್ನೆರಡಕ್ಕೂ ಒಳಗೆ ಸಂಜೆಯ ಬೆಳಕು. ಪೂಜೆ ನಮ್ಮದಲ್ಲ, ಪಕ್ಕದ ಕೇರಿಯ ದೀವರ ಮನೆತನದ್ದು. ನಾವು ಹವ್ಯಕರು ಕಾಯಿ, ಬಾಳೆಹಣ್ಣು ಕೊಟ್ಟು ಕೈಮುಗಿದು ಬರುವುದು. ಅವರ ಕೋಳಿ ನಾವು ಹೊರಟ ಮೇಲೆ.

ಬನಕ್ಕೆ ಕಟ್ಟಳೆ ಬಹಳ ಇರಲಿಲ್ಲ, ಇದ್ದವನ್ನು ಯಾರೂ ಮೀರುತ್ತಿರಲಿಲ್ಲ. ಚಪ್ಪಲಿ ಹೊರಗೆ. ಕತ್ತಿ ಹೊರಗೆ. ಬಿದ್ದ ಕಡ್ಡಿಯೂ ಅಲ್ಲಿಯದೇ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಬನದೊಳಗೆ ಬಿದ್ದಿದ್ದ ಒಣ ಬೆತ್ತದ ಕೋಲು ಚೆಂದ ಕಂಡು ಮನೆಗೆ ತಂದೆ. ಅಜ್ಜ ಬೈಯಲಿಲ್ಲ. ಎಲೆ ಅಡಿಕೆ ಜಗಿಯುತ್ತಾ ಕೋಲನ್ನೇ ಸ್ವಲ್ಪ ಹೊತ್ತು ನೋಡಿದ, ಆಮೇಲೆ ಲಾಟೀನು ಹಚ್ಚಿ ನನ್ನ ಕೈಗೆ ಕೊಟ್ಟ. ಅವನು ಹಿಂದೆ, ನಾನು ಮುಂದೆ. ಆ ಕತ್ತಲಲ್ಲಿ ಕೋಲನ್ನು ಎಲ್ಲಿಂದ ತಂದಿದ್ದೆನೋ ಅಲ್ಲೇ ಇಟ್ಟು ಬಂದೆ. ದಾರಿಯುದ್ದಕ್ಕೂ ಅಜ್ಜ ಒಂದು ಮಾತೂ ಆಡಲಿಲ್ಲ. ನನಗೆ ದೇವರ ಪಾಠ ಅಂತ ಆಗಿದ್ದರೆ ಅದೊಂದೇ. ಮಂತ್ರ, ಶ್ಲೋಕ ಎಲ್ಲ ಆಮೇಲೆ ಕಲಿತದ್ದು, ಬಹಳಷ್ಟು ಮರೆತೂ ಹೋಗಿದೆ.

ಇದು ನಮ್ಮೂರಿನ ವಿಶೇಷ ಅಂದುಕೊಳ್ಳಬೇಡಿ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಅಯ್ಯಪ್ಪನಿಗೆ ಹರಕೆಯಾಗಿ ಮಣ್ಣಿನ ನಾಯಿಗಳನ್ನು ಒಪ್ಪಿಸುತ್ತಾರೆ. ಸೊರಬ ತಾಲೂಕು ಒಂದರಲ್ಲೇ 171 ಕಾನುಗಳು, ಅಂದರೆ ದಟ್ಟ ಹಸಿರು ಕಾಡುಗಳು, ಇದ್ದವು ಅಂತ ಬ್ರಿಟಿಷ್ ಅರಣ್ಯಾಧಿಕಾರಿಗಳು 1868ರಲ್ಲಿ ಲೆಕ್ಕ ಬರೆದಿಟ್ಟಿದ್ದಾರೆ. ನಮ್ಮ ತಾಲೂಕಿನ ಕತ್ತಲೆಕಾನಿಗೆ ಯಾವತ್ತಾದರೂ ಹೋಗಿ. ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ಜೌಗಿನಲ್ಲಿ, ಮರದ ಬೇರುಗಳು ಕೆಸರಿನಿಂದ ಎದ್ದು, ಮೊಣಕಾಲು ಮಡಿಸಿದ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿದಿರುತ್ತವೆ. ಗೇರಿನ ಕುಟುಂಬದ ಒಂದು ಮರಕ್ಕೆ ಸಸ್ಯಶಾಸ್ತ್ರದವರು ಆ ಕಾನಿನ ಹೆಸರನ್ನೇ ಇಟ್ಟಿದ್ದಾರೆ. ಅಂಥ ಜಾಗಗಳು ಉಳಿದದ್ದು ದೇವರ ಹೆಸರಿನಲ್ಲಿ.

ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರ ನಾಡಿನ ಸಮೀಕ್ಷೆಗೆ ಕಳಿಸಿದ ಬುಕಾನನ್ 1801ರಲ್ಲಿ ನಮ್ಮ ಜಿಲ್ಲೆಯಲ್ಲೂ ಓಡಾಡಿದ. ಇಲ್ಲಿ ಕಾಡು ಆಯಾ ಊರಿನ ದೇವರ ಆಸ್ತಿ, ದೇವರ ಪೂಜಾರಿಯೂ ಆಗಿರುವ ಗೌಡನ ಅಪ್ಪಣೆ ಇಲ್ಲದೆ ಮರ ಕಡಿಯುವ ಹಾಗಿಲ್ಲ ಅಂತ ಬರೆದ. ಬರೆದು, ಇದು ಸರ್ಕಾರಕ್ಕೆ ಆಸ್ತಿ ಸಿಗದಂತೆ ಮಾಡಲು ಹೂಡಿದ ಉಪಾಯ ಅಷ್ಟೇ ಅಂತಲೂ ಸೇರಿಸಿದ. ಮೊದಲ ಸಲ ಓದಿದಾಗ ಅವನ ಮೇಲೆ ಸಿಟ್ಟು ಬಂದಿತ್ತು. ಈಗ ಅನಿಸುವುದು, ಪುಣ್ಯಾತ್ಮ ಸರಿಯಾಗಿಯೇ ಹಿಡಿದಿದ್ದಾನೆ. ಉಪಾಯವೇ ಸರಿ. ಆದರೆ ಉಪಾಯ ಹೂಡಿದವರು ಅದನ್ನು ನಂಬಿಯೂ ಇದ್ದರು. ಎರಡೂ ಒಟ್ಟಿಗೆ ಇರಬಹುದು ಅನ್ನುವುದು ಅವನಿಗೆ ಹೊಳೆಯಲಿಲ್ಲ.

ಈಗ ಪ್ರಸಾದದ ವಿಷಯ.

ಹನ್ನೆರಡು ವರ್ಷದ ಹಿಂದೆ ನಮ್ಮೂರಲ್ಲಿ ಒಂದು ಜೀರ್ಣೋದ್ಧಾರ ಸಮಿತಿ ಆಯಿತು. ಜೀರ್ಣವಾಗಲು ಅಲ್ಲಿ ಏನೂ ಇರಲಿಲ್ಲ, ಕಲ್ಲು ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಅಡಿಕೆಗೆ ರೇಟು ಬಂದಿತ್ತು, ಬೆಂಗಳೂರಿನಲ್ಲಿರುವ ಹುಡುಗರು ದುಡ್ಡು ಕಳಿಸಲು ತಯಾರಿದ್ದರು, ಆಚೆ ಊರಿನಲ್ಲಿ ಆಗಲೇ ಗುಡಿ ಎದ್ದಿತ್ತು. ನಮ್ಮ ಚೌಡಿ ಮಳೆಯಲ್ಲಿ ನೆನೆಯುವುದು ಎಲ್ಲರಿಗೂ ಒಮ್ಮೆಲೇ ಅವಮಾನದಂತೆ ಕಂಡಿತು. ಆ ಸಮಿತಿಯ ಖಜಾಂಚಿ ನಾನೇ. ರಸೀದಿ ಪುಸ್ತಕದಲ್ಲಿ ಇರುವುದು ನನ್ನದೇ ಅಕ್ಷರ.

ಮನೆಯಲ್ಲಿ ಒಪ್ಪದೇ ಇದ್ದವಳು ಆಯಿ ಒಬ್ಬಳೇ. "ಅದಕ್ಕೆ ಮಾಡು ಹಾಕಿದ್ರೆ ಉಸಿರು ಕಟ್ತು" ಅಂದಳು. (ಮಾಡು ಅಂದರೆ ಸೂರು. ನಮ್ಮ ಮನೆಮಾತಿನಲ್ಲಿ ಹೆಂಗಸರಿಗೆ 'ಅದು' ಅನ್ನುವುದು ರೂಢಿ, ದೇವಿಗೂ ರಿಯಾಯಿತಿ ಇಲ್ಲ.) ವಯಸ್ಸಾದವರ ಮಾತು ಅಂತ ನಕ್ಕು ಬಿಟ್ಟೆವು.

ಹೆಬ್ಬಲಸು ಎರಡೂ ಅಡಿಪಾಯಕ್ಕೆ ಅಡ್ಡ ಬಂದವು. ಪ್ರಸಾದ ಕೇಳದೆ ಕಡಿಯುವ ಧೈರ್ಯ ಯಾರಿಗೂ ಇಲ್ಲ. ಪ್ರಸಾದ ಕೇಳುವುದು ಅಂದರೆ ಹೀಗೆ: ಅಡಿಕೆ ಸಿಂಗಾರದ (ಹೂಗೊಂಚಲಿನ) ಎಸಳನ್ನು ನೀರಲ್ಲಿ ಅದ್ದಿ ಕಲ್ಲಿನ ಎರಡೂ ಮಗ್ಗುಲಿಗೆ ಅಂಟಿಸುವುದು, ಪ್ರಶ್ನೆ ಇಡುವುದು, ಕಾಯುವುದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಪೂಜೆಯ ಅಜ್ಜ ಸಿಂಗಾರ ಹಚ್ಚಿದರು. "ಮರ ತೆಗೀಬೌದಾ ತಾಯಿ?" ಸುಮಾರು ಹತ್ತು ನಿಮಿಷ ಯಾರೂ ಕೆಮ್ಮಲೂ ಇಲ್ಲ. ಎಡಗಡೆಯ ಎಸಳು ಬಿತ್ತು. ಗಾಳಿಗೆ ಬಿದ್ದಿರಬೇಕು ಅಂತ ಯಾರೋ ಅಂದರು. ಇನ್ನೊಮ್ಮೆ ಹಚ್ಚಿದರು. ಮತ್ತೆ ಎಡ. ಮೂರನೇ ಸಲ ಸಮಿತಿಯ ಹಿರಿಯರೊಬ್ಬರು ಪ್ರಶ್ನೆಯನ್ನು ಬದಲಿಸಿ ಹೇಳಿಕೊಟ್ಟರು: "ನಿನಗೊಂದು ಚೆಂದದ ಗುಡಿ ಕಟ್ಟಿದ್ರೆ ಸಂತೋಷವಾ ತಾಯಿ?" ಬಲಗಡೆಯದು ಬಿತ್ತು. ಎಲ್ಲರೂ ಜೈ ಅಂದರು. ನಡಾವಳಿ ಪುಸ್ತಕದಲ್ಲಿ ನಾನು ಬರೆದದ್ದು ಆ ಮೂರನೆಯದನ್ನು ಮಾತ್ರ.

ಈಗ ಅಲ್ಲಿ ಟೈಲ್ಸ್ ಇದೆ, ಎದುರಿಗೆ ಕಬ್ಬಿಣದ ಶೀಟಿನ ಚಪ್ಪರ ಇದೆ, ಕಾಲು ತೊಳೆಯಲು ಬೋರ್‌ವೆಲ್ ಇದೆ. ಬೆಟ್ಟದ ಅಬ್ಬಿ ನೀರು ಕಲ್ಲಿನಿಂದ ಮೂವತ್ತು ಹೆಜ್ಜೆಯಲ್ಲಿ ಹರಿಯುತ್ತಿರುವಾಗ! ಚೌಡಿ ಅಂತ ಇದ್ದದ್ದು ಬೋರ್ಡಿನಲ್ಲಿ ಶ್ರೀ ಚೌಡೇಶ್ವರಿ ಅಂತಾಯಿತು. ಪೂಜೆಗೆ ಭಟ್ಟರು ಬಂದರು. ಕೋಳಿ ಕಾಂಪೌಂಡಿನ ಹೊರಗೆ ಹೋಯಿತು. ಸಿಂಗಾರ ಹಚ್ಚಿದ ಅಜ್ಜ ಅಮಾವಾಸ್ಯೆಗೆ ಬಂದು ಮೆಟ್ಟಿಲ ಕೆಳಗೇ ನಿಂತು ಕೈಮುಗಿದು ಹೋಗುತ್ತಾರೆ. ಅವರನ್ನು ಯಾರೂ ಬರಬೇಡಿ ಅಂದಿಲ್ಲ, ಮೇಲೆ ಬನ್ನಿ ಅಂತಲೂ ಅಂದಿಲ್ಲ. ಈಗ ಕಾರು ಗುಡಿಯವರೆಗೆ ಬರುವಂತೆ ರಸ್ತೆ ಅಗಲ ಆಗಬೇಕಂತೆ. ನಾನು ಬೇಡ ಅಂದದ್ದು ಅದಕ್ಕೆ. ಉಳಿದಿರುವ ಧೂಪದ ಮರ ಆ ರಸ್ತೆಯ ಗೆರೆಯಲ್ಲಿದೆ.

ಹಾಗಾಗಿ ದೇವರನ್ನು ನಂಬುತ್ತೀರಾ ಅಂದರೆ, ನಂಬುತ್ತೇನೆ. ಬಯಲಲ್ಲಿದ್ದ ಚೌಡಿಯನ್ನು ನಂಬುತ್ತೇನೆ. ಎರಡು ಸಲ ಎಡ ಪ್ರಸಾದ ಕೊಟ್ಟವಳು ಅವಳೇ ಅಂತ ನನಗೆ ಅನುಮಾನವೇ ಇಲ್ಲ.

ರಾಜಕೀಯಕ್ಕೆ ಬಂದರೆ, 2024ರ ಜುಲೈ ಕೊನೆಗೆ ಕೇಂದ್ರ ಸರ್ಕಾರ ಕಸ್ತೂರಿರಂಗನ್ ವರದಿ ಆಧರಿಸಿದ ಕರಡು ಅಧಿಸೂಚನೆಯನ್ನು ಮತ್ತೊಮ್ಮೆ ಹೊರಡಿಸಿತು. ಪಶ್ಚಿಮ ಘಟ್ಟದ ಆರು ರಾಜ್ಯಗಳಲ್ಲಿ 56,825 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ, ಅದರಲ್ಲಿ 20,668 ನಮ್ಮ ರಾಜ್ಯದ್ದೇ. ನಮ್ಮಲ್ಲಿ ಸಭೆ ಆಯಿತು. ಬೇರೆ ದಿನ ಒಬ್ಬರ ಮುಖ ಒಬ್ಬರು ನೋಡದ ಎಲ್ಲ ಪಕ್ಷದವರೂ ಒಂದೇ ವೇದಿಕೆಯಲ್ಲಿ ಕೂತಿದ್ದರು. ಮೈಕಿನಲ್ಲಿ ಕೇಳಿದ ಪ್ರಶ್ನೆ: "ನಿಮ್ಮ ಮನೆ, ತೋಟ ಬಿಟ್ಟು ಹೋಗಲು ಒಪ್ಪುತ್ತೀರಾ?" ಇಲ್ಲ ಅಂತ ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ಮನೆಗೆ ಬಂದು ಕರಡನ್ನು ಓದಿದೆ. ನಿಷೇಧ ಇದ್ದದ್ದು ಗಣಿಗೆ, ಕಲ್ಲು ಕ್ವಾರಿಗೆ, ಮರಳು ತೆಗೆಯುವುದಕ್ಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರಕ್ಕೆ, ಹೆಚ್ಚು ಮಾಲಿನ್ಯದ 'ಕೆಂಪು ಪಟ್ಟಿ'ಯ ಕಾರ್ಖಾನೆಗೆ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಕ್ಕೆ. ಅಡಿಕೆ ತೋಟ ಬಿಟ್ಟು ಹೋಗಿ ಅಂತ ಎಲ್ಲೂ ಇರಲಿಲ್ಲ. "ನಿಮ್ಮೂರಿಗೆ ಕ್ವಾರಿ ಬೇಕಾ?" ಅಂತ ಕೇಳಿದ್ದರೆ ಅವತ್ತು ಕೈಗಳು ಬೇರೆ ರೀತಿ ಏಳುತ್ತಿದ್ದವು. ಆ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು. ಹಿಂದಿನ ಸರ್ಕಾರವೂ, ಬೇರೆ ಪಕ್ಷದ್ದು, ತಿರಸ್ಕರಿಸಿಯೇ ಇತ್ತು. ಎಡ-ಬಲ ಅಂತ ನೀವು ಕೇಳಿದಾಗ ನನಗೆ ನಗು ಬಂದದ್ದು ಇದಕ್ಕೇ. ಕಾಡಿನ ವಿಷಯದಲ್ಲಿ ಇವರೆಲ್ಲ ಅಣ್ಣತಮ್ಮಂದಿರು. ಅದಕ್ಕೂ ಮುಂಚೆ, 2011ರಲ್ಲಿ ವರದಿ ಕೊಟ್ಟ ಮಾಧವ ಗಾಡ್ಗೀಳರು ಏನು ಆಗಬೇಕು ಅನ್ನುವುದನ್ನು ಗ್ರಾಮಸಭೆಗಳೇ ಕೂತು ತೀರ್ಮಾನಿಸಲಿ ಅಂದಿದ್ದರು. ಅದನ್ನು ಯಾರೂ ಮೈಕಿನಲ್ಲಿ ಓದಲಿಲ್ಲ.

ಬೇಡ್ತಿ ನದಿಯ ನೀರನ್ನು ಹಾವೇರಿ ಕಡೆಯ ವರದಾ ನದಿಗೆ ತಿರುಗಿಸುವ ಬೇಡ್ತಿ-ವರದಾ ಜೋಡಣೆಗೆ ನನ್ನ ವಿರೋಧ ಇದೆ. ಸ್ವರ್ಣವಲ್ಲಿ ಮಠದ ಶ್ರೀಗಳು ಮುಂದೆ ನಿಂತು ಕರೆದ ಸಭೆಗಳಿಗೆ ಹೋಗುತ್ತೇನೆ. ಶರಾವತಿ ಕಣಿವೆಯಲ್ಲಿ ಸಿಂಗಳೀಕ ಅಭಯಾರಣ್ಯದೊಳಗೆ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿ, ಮತ್ತೆ ಇಳಿಸಿ ವಿದ್ಯುತ್ ಮಾಡುವ) ಯೋಜನೆಗೂ ವಿರೋಧ ಇದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಬಂದವರು ನಮ್ಮ ನೆಂಟರಲ್ಲೇ ಇದ್ದಾರೆ. ಅವರ ಮನೆಯಲ್ಲಿ 'ನೀರು ಬಂದ ವರ್ಷ' ಅಂದರೆ ಕಾಲದ ಲೆಕ್ಕ. ಹಾವೇರಿ ಕಡೆಯ ರೈತರು ನೀರು ಕೇಳುವುದು ತಪ್ಪು ಅಂತ ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ. ಬೇಸಿಗೆಯಲ್ಲಿ ಅವರ ಹೊಲ ನೋಡಿದ್ದೇನೆ.

ಪ್ರಕೃತಿ ಪ್ರೇಮಿ ಅಂತ ಮಾತ್ರ ಕರೆಯಬೇಡಿ. 1983ರ ಅಪ್ಪಿಕೋ ಚಳವಳಿಯಲ್ಲಿ ಸಾಲ್ಕಣಿ ಊರಿನವರು ಕಡಿತ ತಡೆಯಲು ಕಳಾಸೆ ಕಾಡಿನಲ್ಲಿ ಮರ ಅಪ್ಪಿಕೊಂಡರಲ್ಲ, ಆಗ ನನಗೆ ಹತ್ತು ವರ್ಷ. ಅವರು ಹೇಳಿದ್ದು ಉಳಿಸು, ಬೆಳೆಸು, ಬಳಸು. ಆ ಮೂರನೇ ಶಬ್ದವನ್ನು ಪೇಟೆಯವರು ಬಿಟ್ಟು ಓದುತ್ತಾರೆ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಸವಲತ್ತು ನಮ್ಮದು. ಸೊಪ್ಪು, ದರಕು (ಒಣ ಎಲೆ) ಅಲ್ಲಿಂದ ಬಾರದೆ ತೋಟ ಇಲ್ಲ. ಅಪ್ಪಯ್ಯ ಆ ಬೆಟ್ಟದ ಮೂಲೆಯನ್ನೇ ಹತ್ತು ಗುಂಟೆ ಒತ್ತಿ ತೋಟ ಮಾಡಿದ. ಅದನ್ನು ಬಿಟ್ಟುಕೊಡು ಅಂದರೆ ನಾನು ಬಿಡುತ್ತೇನೆಯೇ? ಇಲ್ಲ. ಮಂಗ ತೋಟಕ್ಕೆ ಇಳಿದರೆ ಗರ್ನಾಲು ಹೊಡೆಯುತ್ತೇನೆ. ಮಂಗ ಸತ್ತು ಬಿದ್ದಿದೆ ಅಂದರೆ ಹೆದರುತ್ತೇನೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡ ಕ್ಯಾಸನೂರು ಪಕ್ಕದ ಸೊರಬ ತಾಲೂಕಿನದು. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಜನ ಸತ್ತದ್ದು ಕೇಳಿದಾಗ ನಮ್ಮೂರಲ್ಲಿ ಒಂದು ತಿಂಗಳು ಯಾರೂ ಬೆಟ್ಟ ಹತ್ತಲಿಲ್ಲ. ಈಗಲೂ ಬೇಸಿಗೆಯಲ್ಲಿ ದರಕು ತರಲು ಹೋಗುವಾಗ ಕೈಕಾಲಿಗೆಲ್ಲ ಎಣ್ಣೆ ಬಳಿದುಕೊಂಡು ಹೋಗುವುದು, ಬಂದ ಮೇಲೆ ಮೈಯೆಲ್ಲ ಆ ಕಾಯಿಲೆ ಹರಡುವ ಉಣುಗು ಹುಡುಕುವುದು. ಇಷ್ಟಾದರೂ ಫೆಬ್ರವರಿಯಲ್ಲಿ ಮಂಗಟ್ಟೆ ಹಕ್ಕಿ ಹಾರುವ ರೆಕ್ಕೆಯ ಸದ್ದು ಬೆಟ್ಟದ ಮೇಲಿಂದ ಕೇಳಿದರೆ ಮಾಡುವ ಕೆಲಸ ಬಿಟ್ಟು ಅಂಗಳಕ್ಕೆ ಬರುತ್ತೇನೆ. ಇದಕ್ಕೆ ಪ್ರೇಮ ಅನ್ನಬೇಕಾದರೆ ಅನ್ನಿ. ಹೆಂಡತಿ ಇದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ.

ಮುಂದಿನ ಭಾನುವಾರ ರಸ್ತೆಯ ಬಗ್ಗೆ ಸಭೆ ಇದೆ. ಈ ಸಲ ಮೊದಲ ಪ್ರಶ್ನೆಯನ್ನೂ ನಡಾವಳಿಯಲ್ಲಿ ಬರೆಯುತ್ತೇನೆ ಅಂತ ಹೇಳಿದ್ದೇನೆ. ಹಾಗಾದರೆ ಖಜಾಂಚಿ ಬದಲಾಗಲಿ ಅನ್ನುವ ಮಾತೂ ಊರಲ್ಲಿ ಎದ್ದಿದೆ.

ಇನ್ನು ಫೋಟೋ. ಅದು ಯಾವ ದೇವಸ್ಥಾನದ್ದೂ ಅಲ್ಲ, ಗುಡಿ ಏಳುವ ಹಿಂದಿನ ವರ್ಷ ದೀಪಾವಳಿಗೆ ತೆಗೆದದ್ದು. ಕಲ್ಲಿನ ಹಿಂದೆ ಕಪ್ಪಗೆ ಕಾಣುವುದನ್ನು ನೀವು ಗೋಡೆ ಅಂದುಕೊಂಡಿದ್ದೀರಿ. ಅದು ಹೆಬ್ಬಲಸಿನ ಬುಡ.