ಚೆನ್ನಾಗಿದ್ದಾನೆ ಅಂತ ಪಂಪ್ ನಿಲ್ಲಿಸಬೇಡಿ

ಸೋಮವಾರಪೇಟೆ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: ಒಂಬತ್ತು ವರ್ಷದ ಮಗನಿಗೆ ಆಸ್ತಮಾ. ಡಾಕ್ಟರ್ ಎರಡು ಪಂಪ್ (ಇನ್‌ಹೇಲರ್) ಕೊಟ್ಟಿದ್ದಾರೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಅಂತ ದಿನಾ ಎಳೆದುಕೊಳ್ಳುವುದನ್ನು ನಿಲ್ಲಿಸಿದರು. ಅದು ಅಭ್ಯಾಸವಾಗಿಬಿಡುತ್ತದೆ ಎಂದು ಅತ್ತೆಯವರಿಗೆ ಭಯ. ಬಾಳೆಹಣ್ಣು, ಮೊಸರು ಬಿಡಿಸಿಯಾಯಿತು. ಜೂನ್ ಬಂದದ್ದೇ ರಾತ್ರಿಯೆಲ್ಲ ಕೆಮ್ಮು, ಉಬ್ಬಸ. ಏನು ಮಾಡಲಿ ಎನ್ನುತ್ತಾರೆ.

ಪ್ರಿಯ ಸಹೋದರಿ,

‘ಚೆನ್ನಾಗಿದ್ದ ಅಂತ ನಿಲ್ಲಿಸಿದೆವು’ ಎಂಬ ಸಾಲನ್ನು ಎರಡು ಸಲ ಓದಿದೆ. ನನ್ನ ತಂಗಿಯ ವಿಷಯದಲ್ಲಿ ನಮ್ಮ ಮನೆಯಲ್ಲೂ ಹೀಗೇ ಮಾಡಿದ್ದೆವು.

ಉಬ್ಬಸ ಕೇಳಿಸದ ದಿನವೂ ಉಸಿರುನಾಳದ ಒಳಗೋಡೆ ಊದಿಕೊಂಡೇ ಇರಬಹುದು. ಅಂಥ ನಾಳಕ್ಕೆ ಹೊಗೆಯೋ ಥಂಡಿಯೋ ನೆಗಡಿಯೋ ತಾಗಿದರೆ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಕಫ ತುಂಬುತ್ತದೆ. ನೀಲಿ ಪಂಪ್‌ನಲ್ಲಿರುವುದು ಸಾಮಾನ್ಯವಾಗಿ ಸಾಲ್ಬುಟಮಾಲ್ ಎಂಬ ಔಷಧಿ. ಅದು ಕೆಲವೇ ನಿಮಿಷದಲ್ಲಿ ಸ್ನಾಯು ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಊತ ಇಳಿಸುವುದು ದಿನಾ ಎಳೆದುಕೊಳ್ಳುವ ಇನ್ನೊಂದು, ಅದೂ ನಿಧಾನವಾಗಿ. ಏಪ್ರಿಲ್‌ನಲ್ಲಿ ಬಿಟ್ಟದ್ದಕ್ಕೆ ಜೂನ್‌ನಲ್ಲಿ ಮಗು ಕಷ್ಟಪಡುತ್ತದೆ, ಅಲ್ವಾ? ಸುಮಾರು ಮೂರು ತಿಂಗಳು ಪೂರ್ತಿ ಹತೋಟಿಯಲ್ಲಿದ್ದರೆ ಡಾಕ್ಟರೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾರೆ. ಮಳೆ ಮುಂದಿರುವಾಗ ನಾವಾಗಿ ಬಿಡುವುದು ಬೇಡ.

ಅತ್ತೆಯವರ ಭಯವನ್ನು ತಳ್ಳಿಹಾಕಬೇಡಿ, ಕೂರಿಸಿಕೊಂಡು ಹೇಳಿ. ಇದರ ಚಟ ಹತ್ತುವುದಿಲ್ಲ. ದಿನದ ಪಂಪ್‌ನಲ್ಲಿ ಸಾಮಾನ್ಯವಾಗಿ ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಇರುತ್ತದೆ. ಈ ವಯಸ್ಸಿನವರಿಗೆ ಬುಡೆಸೊನೈಡ್‌ನ ಕಡಿಮೆ ಡೋಸ್ ಎಂದರೆ ದಿನಕ್ಕೆ 100ರಿಂದ 200 ಮೈಕ್ರೋಗ್ರಾಂ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ಜೋರು ಉಬ್ಬಸ ಬಂದು ಸ್ಟಿರಾಯ್ಡ್ ಮಾತ್ರೆ ಕೊಡಬೇಕಾದರೆ ಅದನ್ನು ಮಿಲಿಗ್ರಾಂ ಲೆಕ್ಕದಲ್ಲೇ ಕೊಡುತ್ತಾರೆ, ಅದು ಮೈಯೆಲ್ಲ ಓಡಾಡುತ್ತದೆ. ಆ ಮಾತ್ರೆ ತಪ್ಪಿಸುವುದಕ್ಕೇ ಈ ಪಂಪ್.

ಎಳೆದುಕೊಳ್ಳುವ ರೀತಿಯನ್ನೂ ನೋಡಿ. ಸ್ಪ್ರೇ ಪಂಪ್ ಆದರೆ ಸ್ಪೇಸರ್ (ಪಂಪ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಟೊಳ್ಳು ಕೊಳವೆ) ಬೇಕೇ ಬೇಕು. ತಂಗಿ ನೇರ ಬಾಯಿಗೆ ಒತ್ತಿಕೊಳ್ಳುತ್ತಿದ್ದಳು, ಔಷಧಿಯೆಲ್ಲ ಗಂಟಲಿಗೇ ಅಂಟುತ್ತಿತ್ತು. ಅಲುಗಾಡಿಸಿ, ಸ್ಪೇಸರ್‌ಗೆ ಸಿಕ್ಕಿಸಿ, ಒಂದೇ ಸಲ ಒತ್ತಿ. ಅವನು ನಿಧಾನವಾಗಿ ನಾಲ್ಕಾರು ಉಸಿರು ಎಳೆಯಲಿ. ಆಮೇಲೆ ಇನ್ನೊಂದು. ದಿನದ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ. ಸ್ಪೇಸರನ್ನು ಸೋಪು ನೀರಲ್ಲಿ ಅದ್ದಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಒರೆಸಿದರೆ ಔಷಧಿ ಸ್ಪೇಸರ್‌ನ ಒಳಗೋಡೆಗೆ ಅಂಟುತ್ತದೆ.

ಇನ್ನು ಮನೆ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದೇ ಇಲ್ಲ. ಅಮ್ಮ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ತಂಗಿಯ ಯೂನಿಫಾರ್ಮ್ ಹರಡುತ್ತಿದ್ದಳು. ಅದೇ ಕೋಣೆಯಲ್ಲಿ ತಂಗಿ ಮಲಗುತ್ತಿದ್ದಳು. ಬೆಳಗಿನ ಜಾವ ಎದ್ದು ಕುಳಿತು ಏದುಸಿರು ಬಿಡುವಾಗಲೂ ನಾವು ಮಳೆಯನ್ನೇ ಬೈಯುತ್ತಿದ್ದೆವು. ನಿಮ್ಮಲ್ಲೂ ಕೆಂಡ ಇದ್ದರೆ ಅವನು ಮಲಗುವ ಕೋಣೆಯಿಂದ ಹೊರಗಿಡಿ. ಬಚ್ಚಲ ಒಲೆ ಉರಿಯುವಾಗ ಆ ಕಡೆಯ ಬಾಗಿಲು ಹಾಕಿರಲಿ. ಗೋಡೆಯ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಗ ಅವನು ಹತ್ತಿರ ಇರುವುದು ಬೇಡ. ಬಿಸಿಲು ಕಂಡ ದಿನ ಹಾಸಿಗೆ ಹೊರಗೆ ಹಾಕಿ. ಹೊದಿಕೆಯನ್ನು ಚೆನ್ನಾಗಿ ಬಿಸಿ ನೀರಿನಲ್ಲಿ ಒಗೆಯಿರಿ, 60 ಡಿಗ್ರಿಯಲ್ಲಿ ದೂಳಿನ ನುಸಿ ಸಾಯುತ್ತದೆ.

ಬಾಳೆಹಣ್ಣು, ಮೊಸರು ತಿಂದಾಗಲೆಲ್ಲ ಉಬ್ಬಸ ಬಂದದ್ದನ್ನು ನೀವೇ ಕಂಡಿಲ್ಲದಿದ್ದರೆ ಕೊಡಿ. ಬೆಳೆಯುವ ಹುಡುಗ.

ಮಾತು ತುಂಡು ತುಂಡಾದರೆ, ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಮಲಗಿಸಬೇಡಿ, ಕೂರಿಸಿ. ನೀಲಿ ಪಂಪನ್ನು ಸ್ಪೇಸರ್‌ನಲ್ಲಿ ಒಂದೊಂದಾಗಿ ನಾಲ್ಕು ಸಲ ಕೊಡಿ, ನಾಲ್ಕು ನಿಮಿಷ ಕಾದು ಮತ್ತೆ ನಾಲ್ಕು. ನಿಮ್ಮ ಡಾಕ್ಟರ್ ಹತ್ತಿರ ಇದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಒಂದು ಪ್ರತಿ ಶಾಲೆಗೂ ಕೊಡಿ. ಮರ ಬಿದ್ದು ರಸ್ತೆ ಮುಚ್ಚುವ ದಿನಗಳಿವು. ಇನ್ನೊಂದು ನೀಲಿ ಪಂಪ್ ಮನೆಯಲ್ಲಿರಲಿ. ನಡುರಾತ್ರಿ ಕರೆದರೆ ಯಾರ ಜೀಪು ಬರುತ್ತದೆ ಎಂದು ಇವತ್ತೇ ಕೇಳಿಟ್ಟುಕೊಳ್ಳಿ.

– ಸಂಪಾದಕ